ಸೇಲಮ್ಮಿನ ದಾರಿ ಹಿಡಿದ ಕನ್ನಡ ನಾಯಿಕೆ



ಮೊರಪ್ಪೂರಿನ ರೈಲು ನಿಲ್ದಾಣವನ್ನು ಬಲ್ಲವರಿಗೆ ಆ ಊರಿನ ಹಳೆಯ ಮಹತ್ತ್ವವನ್ನು ನಾನು ಬಣ್ಣಿಸಬೇಕಾದುದಿಲ್ಲ. ಜೋಲಾರಪೇಟೆಯಿಂದ ಸೇಲಮ್ಮಿಗೆ ಇಳಿದುಹೋಗುವ ಹಿರಿಯ ಹಳಿ ಅಲ್ಲಿಯೇ ಹಾಯ್ದುಹೋಗುತ್ತದೆ. 1906ರಲ್ಲಿ ಅಲ್ಲಿಂದ ಧರ್ಮಪುರಿಗೆ, ಮುಂದೆ 1913ರಲ್ಲಿ ಹೊಸೂರಿನವರೆಗೆ, ಎರಡೂವರೆ ಅಡಿ ಅಗಲದ ಕಿರುಹಳಿಯೊಂದು ಆರಂಭವಾಗಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ನಿಂತುಹೋಯಿತು. ಧರ್ಮಪುರಿ ಅಂದು ಪ್ರತ್ಯೇಕ ಜಿಲ್ಲೆಯಾಗಿರದೆ ಸೇಲಮ್ಮಿನ ಅಂಗವೇ ಆಗಿತ್ತು, ಬೇರ್ಪಟ್ಟುದು 1965ರಲ್ಲಿ. ಬೆಂಗಳೂರಿನಿಂದ ಬರಲಿ, ಮದರಾಸಿನಿಂದ ಬರಲಿ, ರೈಲಿನಲ್ಲಿ ಸೇಲಮ್ಮಿಗೆ ಹೋಗುವವರು ಮೊರಪ್ಪೂರನ್ನು ದಾಟಿಯೇ ಹೋಗಬೇಕಾಗಿದ್ದ ಆ ದಿನಗಳಲ್ಲಿ, ಚಲಚ್ಚಿತ್ರವೆಂಬ ನವೀನ ಕಲೆಯನ್ನು ಅರಸಿ ಸೇಲಮ್ಮಿಗೆ ಬಂದ ಕನ್ನಡ ನಟಿಯೊಬ್ಬರ ಚರಿತ್ರೆಯನ್ನು ಇಂದು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ. ಅವರ ಹೆಸರು ಎಂ. ವಿ. ರಾಜಮ್ಮ.

ಹಳೆಯ ಮೈಸೂರು ಸಂಸ್ಥಾನದ ಹಳ್ಳಿಯೊಂದರಲ್ಲಿ ಹುಟ್ಟಿದ ರಾಜಮ್ಮನವರು ಮೊದಲು ಬೆಳಕಿಗೆ ಬಂದುದು ರಂಗಭೂಮಿಯಲ್ಲಿ. ಚಂದ್ರಕಲಾ ನಾಟಕ ಮಂಡಳಿಯ ‘ಸಂಸಾರ ನೌಕೆ’ ಎಂಬ ಸಾಮಾಜಿಕ ನಾಟಕವನ್ನು ಎಚ್. ಎಲ್. ಎನ್. ಸಿಂಹ ಅವರು 1936ರಲ್ಲಿ ಮದರಾಸಿನಲ್ಲಿ ಚಿತ್ರವಾಗಿ ನಿರ್ದೇಶಿಸಿದಾಗ, ಬಿ. ಆರ್. ಪಂತುಲು ಅವರು ನಾಯಕರಾಗಿಯೂ ರಾಜಮ್ಮನವರು ನಾಯಿಕೆಯಾಗಿಯೂ ತೆರೆಯ ಮೇಲೆ ಕಾಣಿಸಿಕೊಂಡರು. ಕನ್ನಡದ ವಾಕ್ಚಿತ್ರಕ್ಕೆ ಅದುವರೆಗೆ ಪುರಾಣವೂ ಹಳೆಯ ಕಂಪನಿ ನಾಟಕವೂ ಮಾತ್ರವೇ ಆಸರೆಯಾಗಿದ್ದುವು. 1934ರ ‘ಸತಿ ಸುಲೋಚನಾ’, ‘ಭಕ್ತ ಧ್ರುವ’ಗಳನ್ನು ನೆನೆದರೆ ಸಾಕು. ಕಿರೀಟವನ್ನಿಳಿಸಿ, ನಮ್ಮ ನಿಮ್ಮ ಮನೆಯ ಸೀರೆಯನ್ನುಟ್ಟ ಹೆಣ್ಣುಮಗಳೊಬ್ಬಳು ತೆರೆಯ ಮೇಲೆ ಕನ್ನಡದಲ್ಲಿ ಮಾತನಾಡಿದುದು ಪ್ರೇಕ್ಷಕರಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಆದರೆ ಕನ್ನಡಕ್ಕೆ ಕಲಾವಿದರಿದ್ದರೂ ಕ್ಯಾಮೆರಾ ಇರಲಿಲ್ಲ. ‘ಸತಿ ಸುಲೋಚನಾ’ ತಯಾರಾದುದು ಕೊಲ್ಲಾಪುರದಲ್ಲಿ. ಹೇಳಿಕೊಳ್ಳುವಂಥ ಟಾಕಿ ಸ್ಟುಡಿಯೋ ಮೈಸೂರು ಸೀಮೆಯಲ್ಲಿ ಇಲ್ಲದಿದ್ದುದರಿಂದ ನಮ್ಮ ನಟನಟಿಯರು ಮದರಾಸು, ಕೊಯಮತ್ತೂರು, ಸೇಲಂಗಳಿಗೆ ಹೋಗಬೇಕಾಗಿತ್ತು, ಹೋದ ಮೇಲೆ ಅಲ್ಲಿನ ಭಾಷೆಯನ್ನೂ ಕಲಿಯಬೇಕಾಗಿತ್ತು. ಸೇಲಮ್ಮಿನ ಸ್ಟುಡಿಯೋ ಎಂದರೆ ಏರ್ಕಾಡು ಬೆಟ್ಟದ ತಪ್ಪಲಿನಲ್ಲಿ 1935ರ ಸುಮಾರಿಗೆ ತಲೆಯೆತ್ತಿದ ಮಾಡರ್ನ್ ಥಿಯೇಟರ್ಸ್. ಇಂಗ್ಲೆಂಡಿನ ಲೀಡ್ಸಿನಲ್ಲಿ ಜವಳಿ ವಿದ್ಯೆಯನ್ನು ಕಲಿತುಬಂದ ತಿರುಚೆಂಗೋಡಿನ ಟಿ. ಆರ್. ಸುಂದರಂ ಅವರು ನೂಲಿನ ವ್ಯಾಪಾರವನ್ನು ಬಿಟ್ಟು ಫಿಲ್ಮಿನ ಸುರುಳಿಯನ್ನು ಹಿಡಿದುದು ವಿಧಿಯ ವಿನೋದವೇ ಸರಿ. ಗಿರಣಿಯ ಶಿಸ್ತನ್ನು ಮಾತ್ರ ಅವರು ಬಿಡಲಿಲ್ಲ. ವೇಳೆಗೆ ಸರಿಯಾಗಿ ಬರುವುದು, ಒಪ್ಪಿದ ಅವಧಿಯಲ್ಲಿ ಚಿತ್ರವನ್ನು ಮುಗಿಸುವುದು, ಇವು ಅಲ್ಲಿನ ಕಟ್ಟಳೆ. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ಈ ಸೇಲಮ್ಮಿನಲ್ಲಿಯೇ ಹುಟ್ಟಿತು. ಕರುಣಾನಿಧಿಯವರು ಸಂಭಾಷಣೆ ಬರೆದ ‘ಮಂತ್ರಿಕುಮಾರಿ’ 1950ರಲ್ಲಿ ಅಲ್ಲಿಂದಲೇ ಹೊರಟಿತು.

ಅದೇ ಸ್ಟುಡಿಯೋದ 1940ರ ‘ಉತ್ತಮಪುತ್ರನ್’ ಚಿತ್ರದಲ್ಲಿ ಪಿ. ಯು. ಚಿನ್ನಪ್ಪನವರಿಗೆ ಎದುರಾಗಿ ರಾಜಮ್ಮನವರು ನಾಯಿಕೆಯಾದರು. ಕಬ್ಬಿಣದ ಮುಸುಕಿನಲ್ಲಿ ಬಂಧಿತನಾದ ರಾಜಕುಮಾರನ ಫ್ರೆಂಚ್ ಕಥೆ ಅದಕ್ಕೆ ಮೂಲ. ತಮಿಳು ತೆರೆಯ ಮೇಲೆ ಒಬ್ಬನೇ ನಟ ಇಬ್ಬರಾಗಿ ಕಂಡುದು ಅದರಲ್ಲಿಯೇ ಮೊದಲು. ಫಿಲ್ಮಿನ ಅರ್ಧವನ್ನು ಮರೆಮಾಡಿ ಚಿತ್ರಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಉಳಿದರ್ಧದಲ್ಲಿ ಅದೇ ನಟನನ್ನು ಇನ್ನೊಂದು ವೇಷದಲ್ಲಿ ನಿಲ್ಲಿಸುವುದು ಅಂದಿನ ಯಮಳ ಪಾತ್ರಗಳ ಸಾಧಾರಣ ತಂತ್ರ. ಕೂದಲೆಳೆಯಷ್ಟು ತಪ್ಪಿದರೂ ಮಾಡಿದುದೆಲ್ಲ ವ್ಯರ್ಥ. ಚಿತ್ರ ಜಯಭೇರಿ ಹೊಡೆಯಿತು. ಮರುವರ್ಷವೇ ಟಿ. ಕೆ. ಎಸ್. ಸಹೋದರರ ‘ಗುಮಾಸ್ತಾವಿನ್ ಪೆಣ್’ ಬಂದು, ರಾಜಮ್ಮನವರು ತಮಿಳರಿಗೂ ಮನೆಯವರೇ ಆದರು.

ಇಲ್ಲಿ ಕ್ಷಣಕಾಲ ದೂರದ ಇಟಲಿಯ ಕಡೆ ತಿರುಗುತ್ತೇನೆ, ಅಪ್ಪಣೆಯಾಗಲಿ. ಮೂಕಚಿತ್ರಗಳ ಕಾಲದಲ್ಲಿ ಆ ದೇಶದ ಕಣ್ಮಣಿಯೆನಿಸಿದ್ದ ಫ್ರಾಂಚೆಸ್ಕಾ ಬೆರ್ತಿನಿ ಎಂಬಾಕೆ 1915ರ ‘ಅಸ್ಸುಂತಾ ಸ್ಪೀನಾ’ ಚಿತ್ರದಲ್ಲಿ ಅಭಿನಯಿಸಿದುದಲ್ಲದೆ, ನಿರ್ದೇಶನದಲ್ಲಿಯೂ ತನ್ನ ಪಾಲಿತ್ತೆಂದು ಬಹುಕಾಲದ ಮೇಲೆ ವಾದಿಸಿದಳು. ತನ್ನ ಹೆಸರಿನಲ್ಲೊಂದು ಚಿತ್ರಸಂಸ್ಥೆಯನ್ನೂ ಕಟ್ಟಿದಳು. ಆಮೇಲೆ ವಿವಾಹವಾಗಿ ತೆರೆಯಿಂದ ಹಿಂದೆ ಸರಿದಳು. ನಟಿಯಾದವಳು ಕೂಲಿಗೆ ಬಂದವಳಾಗಿರದೆ ಚಿತ್ರದ ಒಡತಿಯೂ ಆಗಬೇಕೆಂಬ ಹಂಬಲ ಯಾವುದೋ ಒಂದು ದೇಶದ ಸೊತ್ತಲ್ಲ.

ನಮ್ಮ ರಾಜಮ್ಮನವರು ಆ ಸಾಹಸಕ್ಕೆ ಕೈಹಾಕಿದುದು 1943ರಲ್ಲಿ. ಯುದ್ಧಕಾಲ, ಕಚ್ಚಾ ಫಿಲ್ಮಿಗೂ ಪಡಿತರ, ಕನ್ನಡ ಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದಾದಷ್ಟು ವಿರಳ ಉತ್ಪತ್ತಿ. ಅಂಥಲ್ಲಿ ‘ರಾಧಾರಮಣ’ವನ್ನು ನಿರ್ಮಿಸಿ ಅವರು ಕನ್ನಡದ ಪ್ರಥಮ ಮಹಿಳಾ ನಿರ್ಮಾಪಕಿಯೆನಿಸಿದರು. ಮುಂದೆ ಕನ್ನಡಿಗರ ಮನೆಮಾತಾದ ಟಿ. ಎನ್. ಬಾಲಕೃಷ್ಣ, ಜಿ. ವಿ. ಅಯ್ಯರ್ ಇಬ್ಬರೂ ತೆರೆಗೆ ಬಂದುದು ಆ ಚಿತ್ರದಿಂದಲೇ ಎಂಬುದನ್ನು ಗಮನಿಸಿದರೆ, ಆಕೆ ಹೂಡಿದ ಬಂಡವಾಳ ಹಣವೊಂದೇ ಆಗಿರಲಿಲ್ಲವೆಂಬುದು ತಿಳಿದೀತು.

ಆಮೇಲಿನ ಕಥೆಯನ್ನು ಬೇಗನೆ ಹೇಳಿಬಿಡುತ್ತೇನೆ, ತಮ್ಮಲ್ಲಿ ಬಹುಮಂದಿಗೆ ಅದು ಪರಿಚಿತವೇ. ಪಂತುಲು ಅವರ ಪದ್ಮಿನಿ ಪಿಕ್ಚರ್ಸ್ 1958ರಲ್ಲಿ ತಂದ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ, ಮಕ್ಕಳು ಹಂಚಿಕೊಂಡು ಬೇರೆಬೇರೆ ಮಾಡಿದ ವೃದ್ಧ ದಂಪತಿಗಳಾಗಿ ಪಂತುಲು, ರಾಜಮ್ಮ ಇಬ್ಬರೂ ಅಭಿನಯಿಸಿದರು. ಆಕೆಗಿನ್ನೂ ನಲವತ್ತು ತುಂಬಿರಲಿಲ್ಲ. ನಾಯಿಕೆಯ ಪಟ್ಟವನ್ನು ಬಿಟ್ಟುಕೊಡಲು ಹಿಂಜರಿಯುವ ವಯಸ್ಸಿನಲ್ಲಿ ನರೆಗೂದಲನ್ನು ತೊಟ್ಟು ನಿಂತ ಆ ಧೈರ್ಯವನ್ನು ನಾನು ಅಭಿನಯಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ. 1964ರ ತಮಿಳು ‘ಕರ್ಣನ್’ನಲ್ಲಿ ಅವರೇ ಕುಂತಿ. ಕನ್ನಡದಲ್ಲಿಯೂ ಅನಂತರ ತಾಯಿಯ ಪಾತ್ರಗಳೇ ಅವರನ್ನು ಅರಸಿ ಬಂದುವು. ಕ್ರಮೇಣ ನಿವೃತ್ತರಾಗಿ 1999ರಲ್ಲಿ ತೀರಿಕೊಂಡರು.

ನಮ್ಮ ಚಿತ್ರಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪಂತುಲು ಅವರ ಹೆಸರನ್ನು ಮೊದಲು ಬರೆದು, ಅವರ ಜೊತೆಗಾತಿಯೆಂದು ರಾಜಮ್ಮನವರನ್ನು ಅನಂತರ ಸ್ಮರಿಸುತ್ತಾರೆ. ಪಂತುಲು ಅವರ ಹಿರಿಮೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರು ನಿರ್ಮಾಪಕರಾದುದು 1950ರ ದಶಕದಲ್ಲಿ. ಅದಕ್ಕೆ ಎಷ್ಟೋ ವರ್ಷಗಳ ಮುಂಚೆಯೇ ‘ರಾಧಾರಮಣ’ ತೆರೆಕಂಡಿತ್ತು.