ತಿಪ್ಪವ್ವ ಎಂಬ ಹೆಸರು



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯಿಂದ ಬಂದ ನಮ್ಮಲ್ಲಿ ಎಷ್ಟು ಮಂದಿಯ ಅಜ್ಜಿ ಹೆಸರು ತಿಪ್ಪವ್ವ? ಕೈ ಎತ್ತಾಕ ನಮಗೆ ನಾಚಿಕೆ.

ಹುಟ್ಟಿದ ಕೂಸು ಒಂದರ ಹಿಂದೊಂದು ಸಾಯುತ್ತಿದ್ದ ಮನೆಯಲ್ಲಿ, ಇದೊಂದಾದರೂ ಉಳೀಲಿ ಅಂತ ಕೂಸನ್ನು ತಿಪ್ಪೆ ಮೇಲೆ ಮಲಗಿಸಿ, ಎತ್ತಿಕೊಂಡು ಇಟ್ಟ ಹೆಸರದು. ಬ್ಯಾಡಾಗಿ ಬಿಸಾಕಿದ್ದನ್ನು ಸಾವೂ ಮುಟ್ಟೋದಿಲ್ಲ ಎಂಬ ನಂಬಿಕೆ. ಈ ಹೆಸರು ಎಷ್ಟೋ ಜಾತಿಗಳಲ್ಲಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನ ಮುಂದೆ ಯಾರೂ ನಗೋದಿಲ್ಲ.

ಮತ್ತೆ ನಾಚಿಕೆ ಎಲ್ಲಿಂದ ಬಂತು? ಶೂದ್ರರ ಹೆಸರು ಹೇಸಿಗೆ ಹುಟ್ಟಿಸುವಂತಿರಬೇಕು ಎನ್ನುತ್ತದೆ ಮನುಸ್ಮೃತಿಯ 2ನೇ ಅಧ್ಯಾಯ. ಇನ್ನು ಕೇರಿಯವರ ಪಾಡೇನು! 1927ರ ಡಿಸೆಂಬರ್ 25ರಂದು ಬಾಬಾಸಾಹೇಬರ ಮುಂದಾಳ್ತನದಲ್ಲಿ ಮಹಾಡದಲ್ಲಿ ಆ ಪುಸ್ತಕ ಸುಟ್ಟರು. ಊರಿನ ನಾಲಿಗೆ ಸುಡಲಿಲ್ಲ. ಊರೊಳಗಿನ ಮುದುಕಿ 'ತಿಪ್ಪವ್ವಾರು'. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಅಜ್ಜಿ 'ಲೇ ತಿಪ್ಪಿ'. ಕರೆಯುವವ ಹತ್ತು ವರ್ಷದ ಪೋರ. ಆ ಮೆಣಸಿನ ಗಿಡಕ್ಕೂ ತಿಪ್ಪೆಗೊಬ್ಬರವೇ ಬೇಕು, ಅದಿರಲಿ.

ತನ್ನ ಹೆಸರು ಬದಲಿಸಿಕೊಳ್ಳುವವರು ಬದಲಿಸಿಕೊಳ್ಳಲಿ, ನಮ್ಮ ತಕರಾರಿಲ್ಲ. ಆದರೆ ಹಾಸ್ಟೆಲ್ ಅರ್ಜಿಯಲ್ಲಿ ಹಡೆದವ್ವ ತಿಪ್ಪವ್ವನನ್ನು ದೀಪಾ ಮಾಡೋದು ಬ್ಯಾಡ. ರಜೆಗೆ ಊರಿಗೆ ಹೋದಾಗ ಆ ಪೋರನನ್ನು ನಿಲ್ಲಿಸಿ, 'ತಿಪ್ಪವ್ವ ಅನ್ನಪಾ' ಅಂತ ಹೇಳೋಣ.