ಪದವಿಯ ಆಚೆಗೂ ಓದಿಸೋಣ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಮಾಡಿದ ಭಾಷಣ)





ಮುಂದೆ ಏನಾಗುತ್ತೀರಿ ಎಂದು ಮಕ್ಕಳನ್ನು ಕೇಳಿದರೆ ಡಾಕ್ಟರ್, ಎಂಜಿನಿಯರ್ ಎನ್ನುತ್ತಾರೆ. ಸಂತೋಷ. ಆದರೆ ಇನ್ನೊಂದು ದಾರಿಯೂ ಇದೆ. ಅದು ಕೃಷಿ ಮತ್ತು ಜೀವವಿಜ್ಞಾನದ ಸಂಶೋಧನೆ.

ರಾಮನಗರ, ಶಿಡ್ಲಘಟ್ಟಗಳಲ್ಲಿ ನಮ್ಮ ಎಷ್ಟೋ ಮನೆಗಳು ರೇಷ್ಮೆಗೂಡಿನಿಂದ ನೂಲು ಬಿಚ್ಚಿ ಬದುಕಿವೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳುವನ್ನು ಒಳಗಿಂದ ತಿಂದು, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಸರಿಯಾಗಿ ಬಿಚ್ಚಲು ಬರುವುದಿಲ್ಲ. ಬೆಳೆಗಾರನಿಗೂ ನಷ್ಟ, ರೀಲರ್‌ಗೂ ನಷ್ಟ. ಕೀಟನಾಶಕ ಹೊಡೆದರೆ ರೇಷ್ಮೆಹುಳುವೇ ಸಾಯುತ್ತದೆ. ಆಗ ವಿಜ್ಞಾನಿಗಳು ಊಜಿಯ ಕೋಶದಲ್ಲಿ ಮೊಟ್ಟೆಯಿಟ್ಟು ಅದನ್ನೇ ನಾಶ ಮಾಡುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹುಳುಮನೆಗಳಿಗೆ ತಲುಪಿಸಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಸಂಶೋಧಕರ ಕೆಲಸ ಹೀಗೆ ಬಡವರ ಮನೆಯ ತನಕ ಬರುತ್ತದೆ.

ಈ ದಾರಿ ಹೀಗಿದೆ. ಪಿಯುಸಿ ವಿಜ್ಞಾನದ ನಂತರ ಸಿಇಟಿ ಬರೆದು ಬೆಂಗಳೂರು, ಧಾರವಾಡ, ರಾಯಚೂರಿನಂಥ ಕೃಷಿ ವಿಶ್ವವಿದ್ಯಾಲಯ ಸೇರಬಹುದು. ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ರೇಷ್ಮೆ ಕೃಷಿಯ ಪದವಿಗೆ ಚಿಂತಾಮಣಿಯಲ್ಲಿ ಕಾಲೇಜಿದೆ. ಪದವಿಗೆ ನಾಲ್ಕು ವರ್ಷ, ಎಂ.ಎಸ್ಸಿ.ಗೆ ಎರಡು, ಪಿಎಚ್.ಡಿ.ಗೆ ಕನಿಷ್ಠ ಮೂರು. ಆಮೇಲೆ ವಿಶ್ವವಿದ್ಯಾಲಯದ ಅಧ್ಯಾಪಕರಾಗಬಹುದು, ಕೃಷಿ ವಿಜ್ಞಾನ ಕೇಂದ್ರ ಸೇರಬಹುದು, ಪರೀಕ್ಷೆ ಬರೆದು ಕೇಂದ್ರದ ಕೃಷಿ ಸಂಶೋಧನಾ ಸೇವೆಗೂ ಹೋಗಬಹುದು. ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವರು ಸಿಎಸ್‌ಐಆರ್-ಯುಜಿಸಿ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದರೆ, 2023ರಲ್ಲಿ ಪರಿಷ್ಕರಿಸಿದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಸಿಗುತ್ತದೆ.

ಕಷ್ಟವಿರುವುದು ನಡುವೆ. ಎಂ.ಎಸ್ಸಿ. ಮುಗಿದಿದೆ, ಫೆಲೋಶಿಪ್ ಇನ್ನೂ ಸಿಕ್ಕಿಲ್ಲ. ಆ ಒಂದೆರಡು ವರ್ಷದಲ್ಲಿ ಹುಡುಗ ಸಿಕ್ಕಿದ ಕೆಲಸಕ್ಕೆ ಹೋಗುತ್ತಾನೆ, ಹುಡುಗಿಗೆ ಸಂಬಂಧ ನೋಡುತ್ತಾರೆ. ನಾನೂ ಅಲ್ಲಿಯೇ ನಿಲ್ಲಬೇಕಿತ್ತು. ಮೊಹಲ್ಲಾದ ಹಿರಿಯರೊಬ್ಬರು ಹತ್ತು ತಿಂಗಳ ರೂಮ್ ಬಾಡಿಗೆ ಮತ್ತು ಪರೀಕ್ಷಾ ಶುಲ್ಕ ಕೊಟ್ಟರು. ದೊಡ್ಡ ಮೊತ್ತವೇನಲ್ಲ. ಆದರೆ ಅದಿಲ್ಲದಿದ್ದರೆ ಇವತ್ತು ನಾನು ಈ ವೇದಿಕೆಯಲ್ಲಿ ಇರುತ್ತಿರಲಿಲ್ಲ. ಅಲ್ಪಸಂಖ್ಯಾತರ ಪಿಎಚ್.ಡಿ. ಓದಿಗೆ ಆಸರೆಯಾಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತುಹೋಗಿದೆ. ಹೀಗಾಗಿ ಈಗ ನಮ್ಮ ಜವಾಬ್ದಾರಿ ಹೆಚ್ಚಿದೆ.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ. ಕಾಲೇಜು ಫೀಸಿನ ಜೊತೆಗೆ, ಎಂ.ಎಸ್ಸಿ. ಮುಗಿಸಿದ ಮಕ್ಕಳ ಮೆಸ್ ಖರ್ಚು, ಪುಸ್ತಕ ಮತ್ತು ಪರೀಕ್ಷಾ ಶುಲ್ಕಕ್ಕೂ ಒಂದು ಪಾಲು ತೆಗೆದಿಡಿ. ತಂದೆ ತಾಯಂದಿರೇ, ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಇನ್ನೆರಡು ವರ್ಷ ಕೊಡಿ. ವಿದ್ಯಾರ್ಥಿಗಳೇ, ಪದವಿಯ ಮೂರನೇ ವರ್ಷದಿಂದಲೇ ಈ ಪರೀಕ್ಷೆಗಳಿಗೆ ತಯಾರಾಗಿ.

ಗಿಡ ನೆಟ್ಟವನ ಫಲವನ್ನು ಮನುಷ್ಯರು, ಪಶುಪಕ್ಷಿಗಳು ತಿಂದರೆ ಅದೂ ಸದಕಾ ಎಂದು ನಮ್ಮ ಪ್ರವಾದಿಯವರು (ಸ) ಕಲಿಸಿದ್ದಾರೆ. ಒಳ್ಳೆಯ ತಳಿಯನ್ನು ಕಂಡುಹಿಡಿಯುವ ಮಗುವನ್ನು ಓದಿಸುವುದೂ ಗಿಡ ನೆಟ್ಟಂತೆಯೇ. ಅಲ್ಲಾಹನು ನಿಮ್ಮೆಲ್ಲರ ಸೇವೆಯನ್ನು ಸ್ವೀಕರಿಸಲಿ. ಆಮೀನ್.