ಬರಿದಾದ ಟ್ಯಾಂಕು

ಪೆಟ್ರೋಲ್ ಪಂಪು ಎಂದೊಡನೆ ನಮಗೆ ನೆನಪಾಗುವುದು ರಸ್ತೆ ಬದಿಯ ಬಂಕು. ನಾನು ಈಗ ಹೇಳಹೊರಟಿರುವುದು ಗಾಡಿಯೊಳಗೇ ಅಡಗಿದ್ದು, ಟ್ಯಾಂಕಿನ ಎಣ್ಣೆಯನ್ನು ಎಂಜಿನ್ನಿಗೆ ಮುಟ್ಟಿಸುವ ಪುಟ್ಟ ಪಂಪಿನ ವಿಚಾರ.

ದಾವಣಗೆರೆ ಬಿಟ್ಟು ಚಿತ್ರದುರ್ಗದ ಕಡೆ ಹೊರಟವರಿಗೆ ೪೮ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಆನಗೋಡು ಸಿಗುತ್ತದಷ್ಟೆ. ಅಲ್ಲಿ ಕಾರು ಕೆಮ್ಮಿ ಕೆಮ್ಮಿ ನಿಂತಿತೆನ್ನಿ. ಹಳೆಯ ಕಾರ್ಬ್ಯುರೇಟರಿನ ಮಾರುತಿ ೮೦೦ ಆಗಿದ್ದರೆ ಚಿಂತೆ ಕಡಿಮೆ. ಅದರ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿತ್ತು. ಬಾನೆಟ್ಟು ಎತ್ತಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸಿದರಾಯಿತು. ೨೦೦೦ದ ಸುಮಾರಿಗೆ ಹೊಗೆಯ ಕಟ್ಟಳೆ ಬಿಗಿಯಾದಂತೆ, ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಏರ್ಪಾಡು ಕಾರುಗಳಿಗೆ ಬಂದಿತು. ವಿದ್ಯುತ್ ಪಂಪು ಟ್ಯಾಂಕಿನೊಳಗೆ ಮುಳುಗಿತು. ೨೦೨೦ರಲ್ಲಿ ಬಿ.ಎಸ್. ೬ ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲಿನದೂ ಇದೇ ಕತೆ.

ಪೆಟ್ರೋಲಿನೊಳಗೆ ವಿದ್ಯುತ್ ಮೋಟಾರೇ ಎಂದು ಬೆಚ್ಚಬೇಕಾಗಿಲ್ಲ. ಬೆಂಕಿಗೆ ಗಾಳಿ ಬೇಕು. ಅದು ಅಲ್ಲಿ ಸಾಲದು. ಮೇಲಾಗಿ ಪೆಟ್ರೋಲೇ ಆ ಮೋಟಾರನ್ನು ತಂಪಾಗಿಡುತ್ತದೆ. ಮುಳ್ಳು ತಳ ಮುಟ್ಟಿದರೂ "ನಾಳೆ ಹಾಕಿಸೋಣ" ಎನ್ನುವವರ ಪಂಪು ಬೇಗ ಸವೆಯುವುದು ಇದರಿಂದಲೇ.

ಕೀಲಿ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗೆ ಒಂದೆರಡು ಸೆಕೆಂಡು ಗುಂಯ್‌ಗುಡುವ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸು, ರಿಲೇ, ವಯರು ನೋಡಿಸಿ. ಬಂದೊಡನೆ ಪಂಪನ್ನೇ ದೂರುವ ಮೆಕ್ಯಾನಿಕ್ಕನ್ನು ನಾನಂತೂ ನಂಬಲಾರೆ. ಅನೇಕ ಕಾರುಗಳಲ್ಲಿ ಸೀಟಿನಡಿ ಮುಚ್ಚಳವಿದ್ದು ಅಲ್ಲಿಂದಲೇ ಪಂಪು ಹೊರಬರುತ್ತದೆ. ಇಲ್ಲದವಕ್ಕೆ ಟ್ಯಾಂಕನ್ನೇ ಇಳಿಸಬೇಕು. ಆಗ ಹೆದ್ದಾರಿಯ ಅಂಚು ಬೇಡ, ವರ್ಕ್‌ಶಾಪಿನ ಗುಂಡಿಯೂ ಬೇಡ. ಬಯಲಾದ ಅಂಗಳ ಒಳ್ಳೆಯದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಮಲಗುತ್ತದೆ. ಬ್ಯಾಟರಿಯ ತಂತಿ ಬಿಚ್ಚಿ, ಕೊಳವೆಯಲ್ಲಿ ಉಳಿದ ಒತ್ತಡವನ್ನು ಬಟ್ಟೆ ಸುತ್ತಿ ಮೆಲ್ಲಗೆ ಬಿಟ್ಟು, ಎಣ್ಣೆ ಬಸಿದು, ಆಮೇಲೆ ಜಾಕಿನ ಆಸರೆಯಲ್ಲಿ ಟ್ಯಾಂಕನ್ನು ಇಳಿಸಬೇಕು.

ಬಸಿದಾಯಿತು, ಇನ್ನೇನು ಭಯ ಎಂದುಕೊಳ್ಳುವ ಆ ಗಳಿಗೆಯೇ ಅಪಾಯದ್ದು. ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲಿನವರೆಗೆ ಪೆಟ್ರೋಲ್ ಆವಿ ಬೆರೆತರೆ ಕಿಡಿ ಸಾಕು, ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆ ಕಡಿಮೆ. ಬರಿದಾದುದರಲ್ಲಿ ಗಾಳಿಯೂ ಆವಿಯೂ ಹದವಾಗಿ ಕೂಡುತ್ತವೆ. ಸೋರುವ ಟ್ಯಾಂಕಿಗೆ ರಸ್ತೆ ಬದಿಯಲ್ಲಿ ಬೆಸುಗೆ ಹಾಕಿಸುವವರು ಇದನ್ನು ಮರೆಯಬಾರದು. ಒಂದು ಸಲ ನೀರಿನಲ್ಲಿ ಕುಲುಕಿದರೆ ಸಾಲದು, ಹೊಲಿಗೆಯ ಸಂದಿನಲ್ಲಿ ಪೆಟ್ರೋಲು ಉಳಿದಿರುತ್ತದೆ. ಲಾರಿಯ ಡೀಸೆಲ್ ಟ್ಯಾಂಕೂ ಬೆಸುಗೆಯ ಕಾವಿಗೆ ಆವಿ ಬಿಡುತ್ತದೆ. ಹೊಸ ಟ್ಯಾಂಕು ಕೊಳ್ಳುವುದೇ ಲೇಸು.

ಮರಳಿ ಕೂಡಿಸುವಾಗ ಪಂಪಿನ ಬಾಯಿಗೆ ಹೊಸ ರಬ್ಬರ್ ಬಳೆ ಹಾಕಿಸಿ. ಎಂಜಿನ್ ಚಾಲೂ ಮಾಡುವ ಮುನ್ನ ಕೀಲಿಯನ್ನು ಎರಡು ಮೂರು ಸಲ ತಿರುಗಿಸಿ, ಗಾಡಿಯ ಕೆಳಗೆ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡಿ.